ಯಕೃತ್ತು: ಪ್ರಯೋಗಾಲಯ ಬಿಡಿಸಿದ ಗುಟ್ಟುಗಳು



‘ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಗಾದೆಯ ಅರ್ಥ ಸರಿಯಾಗಿದೆ. ಆದರೆ ವೈದ್ಯರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಕಾಮಾಲೆಯಾದವರಿಗೆ ಸಾಮಾನ್ಯವಾಗಿ ಲೋಕ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವರ ಕಣ್ಣು ಹಳದಿಯಾಗಿ ಕಾಣುತ್ತದೆ. ನಮ್ಮ ರಕ್ತದ ಕೆಂಪುಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಅವುಗಳಲ್ಲಿರುವ ಹಿಮೊಗ್ಲೋಬಿನ್ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಅದನ್ನು ರಕ್ತದಿಂದ ತೆಗೆದು ಪಿತ್ತರಸದ ಜೊತೆ ಕರುಳಿಗೆ ಸಾಗಿಸುವ ಕೆಲಸ ಯಕೃತ್ತಿನದು. ನಿಮ್ಮ ಪಠ್ಯಪುಸ್ತಕದಲ್ಲಿ ಇದನ್ನೇ ಪಿತ್ತಜನಕಾಂಗ ಎಂದೂ ಕರೆದಿರಬಹುದು. ಅದು ಸೋತಾಗ ಹಳದಿ ಬಣ್ಣ ರಕ್ತದಲ್ಲೇ ಉಳಿದು ಕಣ್ಣಿಗೂ ಚರ್ಮಕ್ಕೂ ಏರುತ್ತದೆ.

ನಮ್ಮ ಊರುಗಳಲ್ಲಿ ಯಾರಿಗಾದರೂ ಕಾಮಾಲೆಯಾದರೆ ಏನು ಮಾಡುತ್ತಾರೆ? ಬೆಳಗಿನ ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕುಡಿಸುತ್ತಾರೆ. ಎಣ್ಣೆ, ಖಾರ ಬಿಡಿಸಿ ಮಜ್ಜಿಗೆ ಅನ್ನದ ಪಥ್ಯ ಹೇಳುತ್ತಾರೆ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಹೆಚ್ಚಿನವರ ಕಣ್ಣು ಬೆಳ್ಳಗಾಗುತ್ತದೆ, ಹಸಿವು ಮರಳುತ್ತದೆ. ಮದ್ದು ಕೊಟ್ಟವರ ಕೈಗುಣ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ಒಂದು ಪ್ರಶ್ನೆ ಕೇಳೋಣ. ವಾಸಿಯಾದದ್ದು ಮದ್ದಿನಿಂದಲೇ ಎಂದು ಹೇಗೆ ಗೊತ್ತಾಯಿತು? ಮದ್ದು ಕುಡಿಯದೇ ಇದ್ದಿದ್ದರೆ ಏನಾಗುತ್ತಿತ್ತು?

ಇದು ಯಾರನ್ನೂ ಹೀಗಳೆಯುವ ಪ್ರಶ್ನೆಯಲ್ಲ. ಪ್ರಯೋಗಾಲಯದ ಕೆಲಸವೆಲ್ಲ ಶುರುವಾಗುವುದೇ ಇಂಥ ಪ್ರಶ್ನೆಯಿಂದ. ಉತ್ತರಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮೊದಲು ಒಂದು ಸಣ್ಣ ಪ್ರಯೋಗ.

ನನ್ನ ಮುಂದಿನ ಮೇಜಿನ ಮೇಲೆ ಎರಡು ಪ್ರನಾಳಗಳಿವೆ. ಎರಡರಲ್ಲೂ ಒಂದೇ ಅಳತೆಯ ಹೈಡ್ರೊಜನ್ ಪೆರಾಕ್ಸೈಡ್ ದ್ರಾವಣವಿದೆ. ಗಾಯ ತೊಳೆಯಲು ಔಷಧದಂಗಡಿಯಲ್ಲಿ ಸಿಗುತ್ತದಲ್ಲ, ಅದೇ ತೆಳು ದ್ರಾವಣ. ಮಾಂಸದಂಗಡಿಯಿಂದ ತಂದ ಆಡಿನ ಯಕೃತ್ತಿನ ಕಡಲೆಕಾಳಿನಷ್ಟು ಚೂರನ್ನು ಮೊದಲ ಪ್ರನಾಳಕ್ಕೆ ಹಾಕುತ್ತೇನೆ. ನೋಡಿ, ಹಾಲು ಉಕ್ಕಿದಂತೆ ನೊರೆ ಉಕ್ಕುತ್ತಿದೆ. ಅಷ್ಟೇ ದೊಡ್ಡ ಇನ್ನೊಂದು ಚೂರನ್ನು ನೀರಿನಲ್ಲಿ ಚೆನ್ನಾಗಿ ಬೇಯಿಸಿ ಇಟ್ಟಿದ್ದೇನೆ. ಅದನ್ನು ಎರಡನೆಯ ಪ್ರನಾಳಕ್ಕೆ ಹಾಕುತ್ತೇನೆ. ನೊರೆ ಬರಲಿಲ್ಲ.

ಯಕೃತ್ತಿನ ಜೀವಕೋಶಗಳಲ್ಲಿ ಕೆಟಲೇಸ್ ಎಂಬ ಕಿಣ್ವವಿದೆ. ಅದು ಹೈಡ್ರೊಜನ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ನೊರೆಯಲ್ಲಿ ಇರುವುದು ಆ ಆಮ್ಲಜನಕ. ಬೇಯಿಸಿದಾಗ ಕಿಣ್ವ ಕೆಟ್ಟಿತು, ಕೆಲಸ ನಿಂತಿತು. ಬರೀ ಮೊದಲ ಪ್ರನಾಳವನ್ನು ತೋರಿಸಿದ್ದರೆ, ‘ಯಾವ ಚೂರು ಹಾಕಿದರೂ ನೊರೆ ಬರಬಹುದು’ ಎಂದು ನೀವು ವಾದಿಸಬಹುದಿತ್ತು. ಆ ವಾದಕ್ಕೆ ಎರಡನೆಯ ಪ್ರನಾಳ ಉತ್ತರ ಕೊಟ್ಟಿತು. ಇದು ತಾಳೆ ನೋಡುವ ಪ್ರನಾಳ. ಈ ಪ್ರಯೋಗವನ್ನು ನಿಮ್ಮ ಅಧ್ಯಾಪಕರ ಎದುರಿನಲ್ಲಿ ನೀವೂ ಮಾಡಬಹುದು. ಮಾಂಸ ಬೇಡವೆನ್ನುವವರು ಹಸಿ ಆಲೂಗೆಡ್ಡೆಯ ಚೂರು ಬಳಸಿ. ಅದರಲ್ಲೂ ಈ ಕಿಣ್ವವಿದೆ.

ಈಗ ಯಕೃತ್ತನ್ನು ಹತ್ತಿರದಿಂದ ನೋಡೋಣ. ನಿಮ್ಮ ಬಲಗೈಯನ್ನು ಬಲಪಕ್ಕೆಲುಬುಗಳ ಕೆಳತುದಿಯ ಮೇಲೆ ಇಟ್ಟುಕೊಳ್ಳಿ. ಅದರ ಹಿಂದೆ ಇದೆ ಯಕೃತ್ತು. ವಯಸ್ಕರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋ. ಬೇರೆ ಹೆಚ್ಚಿನ ಅಂಗಗಳಿಗೆ ಅಪಧಮನಿಯಿಂದ ಮಾತ್ರ ರಕ್ತ ಬರುತ್ತದೆ. ಯಕೃತ್ತಿಗೆ ಎರಡು ದಾರಿಗಳು. ಅದಕ್ಕೆ ಬರುವ ರಕ್ತದ ಮುಕ್ಕಾಲು ಪಾಲು ಕರುಳಿನಿಂದ ನೇರವಾಗಿ ಬರುತ್ತದೆ. ನೀವು ಉಂಡ ಅನ್ನದ ಸಕ್ಕರೆ, ನುಂಗಿದ ಮಾತ್ರೆ, ಕುಡಿದ ನೀರಿನ ಜೊತೆ ಸೇರಿದ ವಿಷ, ಎಲ್ಲವೂ ದೇಹದ ಉಳಿದ ಭಾಗಕ್ಕೆ ಹೋಗುವ ಮುನ್ನ ಈ ಬಾಗಿಲಲ್ಲಿ ತಪಾಸಣೆಗೆ ಒಳಗಾಗುತ್ತವೆ.

ಸೂಕ್ಷ್ಮದರ್ಶಕದಲ್ಲಿ ಯಕೃತ್ತು ಆರು ಮೂಲೆಯ ಪುಟ್ಟ ಮನೆಗಳ ಬಡಾವಣೆಯಂತೆ ಕಾಣುತ್ತದೆ. ಒಂದೊಂದು ಮನೆಯ ಅಗಲ ಸುಮಾರು ಒಂದು ಮಿಲಿಮೀಟರ್. ಅದರೊಳಗೆ ಯಕೃತ್ಕೋಶಗಳು ಸಾಲಾಗಿ ನಿಂತಿರುತ್ತವೆ. ಸಾಲುಗಳ ನಡುವೆ ರಕ್ತ ಹರಿಯುವ ಕಿರುಗಾಲುವೆಗಳಿವೆ. ಈ ಕಾಲುವೆಗಳ ಗೋಡೆಯಲ್ಲಿ ಜರಡಿಯಂತೆ ರಂಧ್ರಗಳಿರುವುದರಿಂದ ರಕ್ತದ ದ್ರವಭಾಗ ಯಕೃತ್ಕೋಶಗಳನ್ನು ನೇರವಾಗಿ ಮುಟ್ಟುತ್ತದೆ. ಸಕ್ಕರೆ ಕೂಡಿಡುವುದು, ಬೇಕಾದಾಗ ಬಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಅಮೋನಿಯಾ ವಿಷವನ್ನು ಯೂರಿಯಾ ಮಾಡುವುದು, ಹೀಗೆ ನೂರಾರು ಕೆಲಸಗಳನ್ನು ಒಂದೇ ಬಗೆಯ ಕೋಶ ಮಾಡುತ್ತದೆ.

ಇದೆಲ್ಲ ನಮಗೆ ಗೊತ್ತಾದದ್ದು ಹೇಗೆ? ಎರಡು ಹಳೆಯ ಕಥೆಗಳನ್ನು ಹೇಳುತ್ತೇನೆ.

ಮೊದಲನೆಯದು 19ನೆಯ ಶತಮಾನದ ಪ್ಯಾರಿಸಿನದು. ಸಕ್ಕರೆಯನ್ನು ಸಸ್ಯಗಳು ಮಾತ್ರ ತಯಾರಿಸಬಲ್ಲವು, ಪ್ರಾಣಿಗಳು ಅದನ್ನು ತಿಂದು ಖರ್ಚು ಮಾಡುತ್ತವೆ ಎಂದು ಆಗ ನಂಬಿದ್ದರು. ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿ ನಾಯಿಗಳಿಗೆ ಬರೀ ಮಾಂಸ ತಿನ್ನಿಸಿ ನೋಡಿದರು. ಯಕೃತ್ತಿನಿಂದ ಹೊರಬರುವ ರಕ್ತದಲ್ಲಿ ಆಗಲೂ ಸಕ್ಕರೆ ಇತ್ತು. ಅವರು ಯಕೃತ್ತಿನಲ್ಲಿರುವ ಸಕ್ಕರೆಯನ್ನು ಅಳೆಯುವಾಗ ಪ್ರತಿಸಲ ಎರಡು ಬಾರಿ ಅಳೆದು ತಾಳೆ ನೋಡುತ್ತಿದ್ದರು. ಒಂದು ದಿನ ಸಮಯ ಸಾಲದೆ ಎರಡನೆಯ ಅಳತೆಯನ್ನು ಮರುದಿನಕ್ಕೆ ಬಿಟ್ಟರು. ಮರುದಿನ ಅಳೆದಾಗ ಸಕ್ಕರೆ ಬಹಳ ಹೆಚ್ಚಾಗಿತ್ತು. ಬೇರೆಯವರಾಗಿದ್ದರೆ ‘ಅಳತೆ ತಪ್ಪಿತು’ ಎಂದು ಚೆಲ್ಲಿಬಿಡುತ್ತಿದ್ದರೋ ಏನೋ. ಬರ್ನಾರ್ಡ್ ಚೆಲ್ಲಲಿಲ್ಲ. 1855ರಲ್ಲಿ ಅವರು ನಾಯಿಯ ಯಕೃತ್ತಿನ ರಕ್ತನಾಳಗಳಲ್ಲಿ ನೀರು ಹರಿಸಿ, ಸಕ್ಕರೆಯೆಲ್ಲ ತೊಳೆದುಹೋಗುವ ತನಕ ತೊಳೆದರು. ಹೊರಬಂದ ನೀರಿನಲ್ಲಿ ಸಕ್ಕರೆಯ ಸುಳಿವಿರಲಿಲ್ಲ. ತೊಳೆದ ಯಕೃತ್ತನ್ನು ಹಾಗೆಯೇ ಇಟ್ಟು ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ ತುಂಬಿತ್ತು!

ಅಂದರೆ ಸಕ್ಕರೆಯಾಗಿ ಮಾರ್ಪಡುವ ಯಾವುದೋ ವಸ್ತು ಯಕೃತ್ತಿನೊಳಗೆ ದಾಸ್ತಾನಾಗಿರಬೇಕು. 1857ರಲ್ಲಿ ಬರ್ನಾರ್ಡ್ ಅದನ್ನು ಬೇರ್ಪಡಿಸಿದರು. ನೀವು ಪಾಠದಲ್ಲಿ ಓದುವ ಗ್ಲೈಕೋಜನ್ ಅದೇ. ರಾತ್ರಿ ಉಂಡು ಮಲಗಿದ ನೀವು ಬೆಳಗಿನವರೆಗೆ ಏನೂ ತಿನ್ನದಿದ್ದರೂ ಮಿದುಳಿಗೆ ಸಕ್ಕರೆ ಸಿಗುವುದು ಹೆಚ್ಚಾಗಿ ಈ ದಾಸ್ತಾನಿನಿಂದ.

ಎರಡನೆಯ ಕಥೆ ಬೆಲ್ಜಿಯಂ ದೇಶದ್ದು. 1949ರಲ್ಲಿ ಕ್ರಿಶ್ಚಿಯನ್ ಡಿ ಡೂವ್ ಮತ್ತು ಸಂಗಡಿಗರು ಇನ್ಸುಲಿನ್ ಯಕೃತ್ತಿನಲ್ಲಿ ಏನು ಮಾಡುತ್ತದೆ ಎಂದು ಹುಡುಕುತ್ತಿದ್ದರು. ಇಲಿಯ ಯಕೃತ್ತನ್ನು ಮೆಲ್ಲಗೆ ಅರೆದು ಅದರಲ್ಲಿರುವ ಕಿಣ್ವಗಳನ್ನು ಅಳೆಯುತ್ತಿದ್ದರು. ಅವುಗಳಲ್ಲಿ ಒಂದು ಕಿಣ್ವ, ಆಸಿಡ್ ಫಾಸ್ಫಟೇಸ್, ಇರಬೇಕಾದುದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಕಂಡಿತು. ಅರೆದದ್ದನ್ನು ಫ್ರಿಜ್ಜಿನಲ್ಲಿಟ್ಟರು. ಐದು ದಿನ ಬಿಟ್ಟು ಅದನ್ನೇ ಅಳೆದರೆ ಕಿಣ್ವ ಪೂರ್ತಿ ಪ್ರಮಾಣದಲ್ಲಿ ಕೆಲಸ ಮಾಡುತ್ತಿತ್ತು! ಇಷ್ಟು ದಿನ ಅದು ಎಲ್ಲಿ ಅಡಗಿತ್ತು? ಪೊರೆಯಿಂದ ಮುಚ್ಚಿದ ಪುಟ್ಟ ಚೀಲಗಳಲ್ಲಿ ಎಂದು ಡಿ ಡೂವ್ ತರ್ಕಿಸಿದರು. ತಾಜಾ ಇದ್ದಾಗ ಚೀಲ ಗಟ್ಟಿಯಾಗಿತ್ತು. ದಿನ ಕಳೆದಂತೆ ಹರಿದು ಕಿಣ್ವ ಹೊರಬಂತು. 1955ರಲ್ಲಿ ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು. ಇಂದು ಶಾಲೆಯ ಮಕ್ಕಳು ಜೀವಕೋಶದ ಚಿತ್ರದಲ್ಲಿ ಗುರುತಿಸುವ ಲೈಸೋಸೋಮ್ ಹೀಗೆ ಇಲಿಯ ಯಕೃತ್ತಿನಲ್ಲಿ ಸಿಕ್ಕಿತು. 1974ರಲ್ಲಿ ಡಿ ಡೂವ್ ಅವರಿಗೆ ಆಲ್ಬರ್ಟ್ ಕ್ಲಾಡ್ ಮತ್ತು ಜಾರ್ಜ್ ಪಲಾಡೆ ಅವರೊಡನೆ ನೊಬೆಲ್ ಪ್ರಶಸ್ತಿ ಬಂತು.

ಎರಡು ಕಥೆಗಳಲ್ಲಿಯೂ ಒಂದು ಸಾಮ್ಯವಿದೆ. ನಿನ್ನೆ ಅಳೆದದ್ದನ್ನು ಇಂದು ಮತ್ತೆ ಅಳೆದರು. ಎರಡೂ ಹೊಂದದಿದ್ದಾಗ ತಮ್ಮ ಲೆಕ್ಕವನ್ನು ತಿದ್ದಿ ಮುಚ್ಚಿಡಲಿಲ್ಲ. ಏಕೆ ಹೊಂದಲಿಲ್ಲ ಎಂದು ಕೇಳಿದರು. ನಿಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಪಕ್ಕದವರ ಅಂಕಿಯನ್ನು ನೋಡಿ ನಿಮ್ಮದನ್ನು ತಿದ್ದುವ ಆಸೆ ಬಂದಾಗ ಇವರಿಬ್ಬರನ್ನು ನೆನೆಸಿಕೊಳ್ಳಿ.

ಇನ್ನು ಯಕೃತ್ತಿನ ಅತಿ ಹೆಸರಾದ ಗುಣಕ್ಕೆ ಬರೋಣ. ಅದು ಮತ್ತೆ ಬೆಳೆಯುತ್ತದೆ. 1931ರಲ್ಲಿ ಅಮೆರಿಕದ ಹಿಗಿನ್ಸ್ ಮತ್ತು ಆಂಡರ್ಸನ್ ಇಲಿಗಳ ಯಕೃತ್ತಿನ ಮೂರನೆಯ ಎರಡು ಪಾಲನ್ನು ಕತ್ತರಿಸಿ ತೆಗೆದರು. ಒಂದೆರಡು ವಾರದೊಳಗೆ ಯಕೃತ್ತು ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಬಂತು. ಕಡಿದ ಗಿಡ ಚಿಗುರುವಂತೆ ಕತ್ತರಿಸಿದ ಭಾಗವೇ ಮತ್ತೆ ಮೂಡುತ್ತದೆ ಎಂದು ನೀವು ಭಾವಿಸಬಹುದು. ಹಾಗಲ್ಲ. ತೆಗೆದ ಹಾಲೆಗಳು ಮರಳುವುದಿಲ್ಲ; ಉಳಿದ ಹಾಲೆಗಳು ದೊಡ್ಡದಾಗುತ್ತವೆ. ಕೂಡು ಕುಟುಂಬದಲ್ಲಿ ಇಬ್ಬರು ಬೇರೂರಿಗೆ ಹೋದರೆ ಉಳಿದವರು ಕೆಲಸವನ್ನು ಹಂಚಿಕೊಂಡು ಮನೆ ನಡೆಸುವ ಹಾಗೆ.

ಆದರೆ ಸುಮ್ಮನಿದ್ದ ಕೋಶಗಳಿಗೆ ‘ಈಗ ವಿಭಜಿಸಿ’ ಎಂದು ಹೇಳುವವರು ಯಾರು? 1950ರ ಆಸುಪಾಸಿನಲ್ಲಿ ಕೆಲವು ವಿಜ್ಞಾನಿಗಳು ಎರಡು ಇಲಿಗಳನ್ನು ಶಸ್ತ್ರಕ್ರಿಯೆಯಿಂದ ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೂ ಹರಿಯುವಂತೆ ಮಾಡಿದರು. ಒಂದರ ಯಕೃತ್ತನ್ನು ಕತ್ತರಿಸಿದಾಗ, ಯಾವ ಪೆಟ್ಟೂ ಬೀಳದ ಇನ್ನೊಂದರ ಯಕೃತ್ತಿನಲ್ಲೂ ಕೋಶಗಳು ವಿಭಜಿಸತೊಡಗಿದವು. ಸಂದೇಶ ರಕ್ತದಲ್ಲಿ ಹರಿಯುತ್ತಿತ್ತು. ಅಂಥ ಸಂದೇಶವಾಹಕಗಳನ್ನು ಹುಡುಕುತ್ತ ಹೋದವರಲ್ಲಿ ಜಪಾನಿನ ನಕಮುರಾ ಮತ್ತು ಸಂಗಡಿಗರು 1984ರಲ್ಲಿ ಯಕೃತ್ಕೋಶಗಳನ್ನು ಬೆಳೆಸುವ ಒಂದು ಪ್ರೋಟೀನನ್ನು ವರದಿ ಮಾಡಿದರು. ಅನಂತರ ಇಂಥ ಇನ್ನೂ ಹಲವು ಸಂದೇಶಗಳು ಗೊತ್ತಾಗಿವೆ. 1989ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ತಾಯಿಯೊಬ್ಬರ ಯಕೃತ್ತಿನ ಒಂದು ಭಾಗವನ್ನು ಅವರ ಮಗುವಿಗೆ ಯಶಸ್ವಿಯಾಗಿ ಜೋಡಿಸಿದರು. ಇಲಿಗಳಲ್ಲಿ ಕಲಿತ ಪಾಠ ಇಂಥ ಚಿಕಿತ್ಸೆಯ ಹಿಂದೆ ಇದೆ. ಇಂದು ಭಾರತದಲ್ಲೂ ಜೀವಂತ ದಾನಿಗಳಿಂದ ಈ ಕಸಿ ನಡೆಯುತ್ತದೆ.

ಇಷ್ಟು ಚೆನ್ನಾಗಿ ಬೆಳೆಯುವ ಕೋಶವನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸಾಕುವುದು ಸುಲಭ ಎಂದು ತೋರುತ್ತದೆ, ಅಲ್ಲವೇ? ಇಲ್ಲೇ ಯಕೃತ್ತು ವಿಜ್ಞಾನಿಗಳನ್ನು ಸೋಲಿಸಿತು. ಮೊದಲ ತೊಡಕು ಕೋಶಗಳನ್ನು ಬಿಡಿಸುವುದು. ಅವು ಇಟ್ಟಿಗೆಗಳಂತೆ ಗಾರೆಯಿಂದ ಅಂಟಿಕೊಂಡಿವೆ. 1969ರಲ್ಲಿ ಬೆರಿ ಮತ್ತು ಫ್ರೆಂಡ್ ಎಂಬ ಇಬ್ಬರು ಇಲಿಯ ಯಕೃತ್ತಿನ ರಕ್ತನಾಳಗಳ ಮೂಲಕವೇ ಕೊಲ್ಲಾಜಿನೇಸ್ ಎಂಬ ಕಿಣ್ವವಿರುವ ದ್ರಾವಣವನ್ನು ಹರಿಸಿದರು. ಗಾರೆ ಕರಗಿತು, ಇಟ್ಟಿಗೆಗಳು ಜೀವಂತವಾಗಿ ಬಿಡಿಬಿಡಿಯಾದವು. ಈ ವಿಧಾನವನ್ನು ತಿದ್ದಿ ತೀಡಿ ಇಂದಿಗೂ ಬಳಸುತ್ತಾರೆ.

ಆದರೆ ತಟ್ಟೆಗೆ ಹಾಕಿದ ಕೋಶಗಳು ಕೆಲವೇ ದಿನಗಳಲ್ಲಿ ತಮ್ಮ ಕಸುಬನ್ನು ಮರೆಯತೊಡಗಿದವು. ಅವು ಬದುಕಿದ್ದವು, ಆದರೆ ಪ್ರೋಟೀನು ತಯಾರಿಸುವುದು, ಔಷಧಗಳನ್ನು ಒಡೆಯುವುದು ಎಲ್ಲ ಕುಗ್ಗುತ್ತ ಹೋಯಿತು. ದೇಹದಲ್ಲಿ ಈ ಕೋಶ ಒಂಟಿಯಲ್ಲ. ಸುತ್ತ ನೆರೆಹೊರೆಯ ಕೋಶಗಳಿವೆ, ಎರಡು ಬದಿಗೂ ಹಾಸು ಹೊದಿಕೆಯಂಥ ನಾರುಗಳಿವೆ. 1980ರ ದಶಕದಲ್ಲಿ ಸಂಶೋಧಕರು ಬೇರೆ ಬಗೆಯ ಕೋಶಗಳನ್ನು ಜೊತೆಗಿಟ್ಟು ಸಾಕಿದರು. 1989ರಲ್ಲಿ ಎರಡು ಪದರ ಕೊಲ್ಲಾಜನ್ ನಡುವೆ ಇಟ್ಟು ಸಾಕಿದರು. ಆಗ ಅವು ವಾರಗಟ್ಟಲೆ ತಮ್ಮ ಕೆಲಸ ಮಾಡಿದವು. ನೆರೆಹೊರೆ ಸಿಕ್ಕರೆ ಮಾತ್ರ ತಾನು ತಾನಾಗಿರುವ ಕೋಶ ಇದು.

ಇದು ಬರೀ ಕುತೂಹಲದ ಸಂಗತಿಯಲ್ಲ. ಹೊಸ ಔಷಧವೊಂದು ಯಕೃತ್ತಿಗೆ ಹಾನಿ ಮಾಡುತ್ತದೆಯೇ ಎಂದು ಮನುಷ್ಯರಿಗೆ ಕೊಡುವ ಮೊದಲೇ ತಿಳಿಯಲು ಇಂಥ ಕೋಶಗಳು ಬೇಕು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಅದು ಸುರಕ್ಷಿತ. ಮಿತಿ ಮೀರಿದರೆ ಯಕೃತ್ತಿಗೆ ಮಾರಕ. ಏಕೆ? ಯಕೃತ್ಕೋಶ ಆ ಮಾತ್ರೆಯ ಒಂದು ಸಣ್ಣ ಅಂಶವನ್ನು ವಿಷವಸ್ತುವಾಗಿ ಮಾರ್ಪಡಿಸುತ್ತದೆ. ಗ್ಲೂಟಾಥಯೋನ್ ಎಂಬ ಕಾವಲು ವಸ್ತು ಅದನ್ನು ಹಿಡಿದು ನಿರಪಾಯಗೊಳಿಸುತ್ತದೆ. ಮಾತ್ರೆ ಹೆಚ್ಚಾದರೆ ಕಾವಲು ಖಾಲಿಯಾಗಿ ವಿಷ ಕೋಶವನ್ನೇ ಕೊಲ್ಲುತ್ತದೆ. 1970ರ ದಶಕದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಇದು ಬಯಲಾಯಿತು. ಕಾವಲು ವಸ್ತುವನ್ನು ಮತ್ತೆ ತುಂಬುವ ಪ್ರತಿವಿಷವೂ ಆ ತಿಳಿವಳಿಕೆಯಿಂದಲೇ ದೊರಕಿತು. ಬೇಗ ಆಸ್ಪತ್ರೆ ಸೇರಿದವರನ್ನು ಅದು ಉಳಿಸುತ್ತದೆ.

ಗಾಜಿನ ತಟ್ಟೆಯ ಇನ್ನೊಂದು ಸೋಲು ಗೆಲುವಾದ ಬಗೆ ಕೇಳಿ. 1876ರಲ್ಲಿ ಕುಪ್ಫರ್ ಎಂಬ ಜರ್ಮನ್ ಅಂಗರಚನಾಶಾಸ್ತ್ರಜ್ಞ ಯಕೃತ್ತಿನ ತೆಳುಪದರಕ್ಕೆ ಚಿನ್ನದ ಲವಣ ಹಚ್ಚಿದಾಗ ನಕ್ಷತ್ರದಾಕಾರದ ಕೋಶಗಳು ಕಪ್ಪಾಗಿ ಕಂಡವು. ಮುಂದೆ ಅವರೇ ಈ ಕೋಶಗಳನ್ನೂ, ರಕ್ತದ ಕಸ ನುಂಗುವ ಬೇರೊಂದು ಬಗೆಯ ಕೋಶಗಳನ್ನೂ ಒಂದೇ ಎಂದು ತಿಳಿದರು. ಈ ಗೊಂದಲ ಹೆಚ್ಚುಕಡಿಮೆ ಒಂದು ಶತಮಾನ ಉಳಿಯಿತು. 1971ರಲ್ಲಿ ಜಪಾನಿನ ಕೆಂಜಿರೊ ವಾಕೆ ಕುಪ್ಫರ್ ಅವರ ಹಳೆಯ ವಿಧಾನವನ್ನೇ ಮತ್ತೆ ಮಾಡಿ ನೋಡಿ, ಎರಡೂ ಬೇರೆ ಎಂದು ತೋರಿಸಿದರು. ನಕ್ಷತ್ರಕೋಶಗಳು ಎ ಜೀವಸತ್ವವನ್ನು ಕೂಡಿಡುವ ಕೋಶಗಳು.

1980ರ ದಶಕದಲ್ಲಿ ಈ ಕೋಶಗಳನ್ನು ಬೇರ್ಪಡಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಕಿದಾಗ ಅವು ಕೂಡಿಟ್ಟ ಜೀವಸತ್ವವನ್ನು ಕಳೆದುಕೊಂಡು, ಉದ್ದಕ್ಕೆ ಚಾಚಿಕೊಂಡು, ಕೊಲ್ಲಾಜನ್ ನಾರನ್ನು ಹೇರಳವಾಗಿ ಸುರಿಸತೊಡಗಿದವು. ತಟ್ಟೆಯಲ್ಲಿ ಕೋಶ ಕೆಟ್ಟಿತು ಎಂದು ಬಿಡಬಹುದಿತ್ತು. ಆದರೆ ಕಾಯಿಲೆ ಬಿದ್ದ ಯಕೃತ್ತಿನಲ್ಲಿ ಆಗುವುದೂ ಇದೇ ಎಂದು ಸಂಶೋಧಕರು ಕಂಡುಕೊಂಡರು. ವೈರಸ್ಸು, ಮದ್ಯ ಅಥವಾ ಅತಿಯಾದ ಕೊಬ್ಬು ವರ್ಷಗಟ್ಟಲೆ ಗಾಯ ಮಾಡುತ್ತಿದ್ದರೆ ನಕ್ಷತ್ರಕೋಶಗಳು ಎಚ್ಚೆತ್ತು ಗಾಯದ ಮೇಲೆ ನಾರು ನೇಯುತ್ತವೆ. ಕೊನೆಗೆ ಮೆತ್ತಗಿನ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದೇ ಸಿರೋಸಿಸ್. ಯಕೃತ್ತಿಗೆ ಮತ್ತೆ ಬೆಳೆಯುವ ಶಕ್ತಿ ಇರುವುದರಿಂದ ಬಹುಕಾಲ ನೋವೂ ಇಲ್ಲ, ಸೂಚನೆಯೂ ಇಲ್ಲ. ದೂರು ಹೇಳದೆ ದುಡಿಯುವ ಆಳಿನಂತೆ ಅದು ಕುಸಿಯುವ ದಿನದವರೆಗೆ ಸುಮ್ಮನಿರುತ್ತದೆ. ಸಮಾಧಾನದ ಮಾತೆಂದರೆ, ಗಾಯದ ಕಾರಣವನ್ನು ಬೇಗ ದೂರ ಮಾಡಿದರೆ ಈ ನಾರು ಎಷ್ಟೋ ಮಟ್ಟಿಗೆ ಕರಗಬಲ್ಲದು.

ಈಗ ನಮ್ಮ ದೇಶದ ಒಂದು ಕಥೆ. 1955ರ ಡಿಸೆಂಬರ್, 1956ರ ಜನವರಿಯಲ್ಲಿ ದೆಹಲಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಯಮುನಾ ನದಿಯಿಂದ ಕುಡಿಯುವ ನೀರು ಎತ್ತುವ ಜಾಗಕ್ಕೆ ಕೊಳಚೆ ನೀರು ಹಿಮ್ಮುಖವಾಗಿ ಬಂದು ಸೇರಿತ್ತು. ಆಗ ಎಲ್ಲರೂ ಇದನ್ನು ಇಂದು ನಾವು ಹೆಪಟೈಟಿಸ್ ಎ ಎನ್ನುವ ಕಾಯಿಲೆ ಎಂದೇ ತಿಳಿದರು. ನೀರಿನಿಂದ ಹರಡುವ ಕಾಮಾಲೆ ಎಂದರೆ ಅದೊಂದೇ ಎಂಬ ನಂಬಿಕೆ. ಅದೃಷ್ಟವಶಾತ್ ರೋಗಿಗಳ ರಕ್ತದ ಮಾದರಿಗಳಲ್ಲಿ ಕೆಲವನ್ನು ಜೋಪಾನ ಮಾಡಿದ್ದರು. 1973ರಲ್ಲಿ ಹೆಪಟೈಟಿಸ್ ಎ ವೈರಸ್ ಪತ್ತೆಯಾಗಿ ಅದಕ್ಕೆ ರಕ್ತಪರೀಕ್ಷೆ ಬಂತು. ಪುಣೆಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಅಮೆರಿಕದ ಸಂಶೋಧಕರೊಡನೆ ಆ ಹಳೆಯ ಮಾದರಿಗಳನ್ನು ತೆರೆದು ಪರೀಕ್ಷಿಸಿದರು. 1980ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಅದು ಹೆಪಟೈಟಿಸ್ ಎ ಆಗಿರಲಿಲ್ಲ! 1978ರ ಕಾಶ್ಮೀರದ ಪಿಡುಗನ್ನು ಅಭ್ಯಸಿಸಿದ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರೂ ಅದೇ ವರ್ಷ ಇದೇ ತೀರ್ಮಾನಕ್ಕೆ ಬಂದಿದ್ದರು.

ಹಾಗಾದರೆ ಇದು ಯಾವುದು? 1983ರಲ್ಲಿ ಸೋವಿಯತ್ ವಿಜ್ಞಾನಿ ಬಲಯಾನ್ ರೋಗಿಗಳ ಮಲದಿಂದ ತೆಗೆದ ಸಾರವನ್ನು ತಾವೇ ಕುಡಿದು ಕಾಯಿಲೆ ಬಿದ್ದರು, ತಮ್ಮ ಮಲದಲ್ಲಿ ವೈರಸ್ ಕಣಗಳನ್ನು ಕಂಡರು. ಇಂಥ ಸಾಹಸವನ್ನು ಇಂದು ಯಾವ ಪ್ರಯೋಗಾಲಯವೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಈ ವೈರಸ್ಸಿಗೆ ಹೆಪಟೈಟಿಸ್ ಇ ಎಂದು ಹೆಸರು. ಗರ್ಭಿಣಿಯರಿಗೆ ಇದು ಬಹಳ ಅಪಾಯಕಾರಿ. 25 ವರ್ಷಗಳ ಹಿಂದಿನ ಸೀಸೆಗಳನ್ನು ಯಾರೋ ಎಸೆದುಬಿಟ್ಟಿದ್ದರೆ ಈ ತಪ್ಪು ತಿಳಿವಳಿಕೆ ಇನ್ನೆಷ್ಟು ದಿನ ಉಳಿಯುತ್ತಿತ್ತೋ!

ರಕ್ತದ ಮೂಲಕ ಹರಡುವ ಬಿ ಮತ್ತು ಸಿ ವೈರಸ್ಸುಗಳ ಕಥೆ ಬೇರೆ. ಇವು ದೇಹದಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಉಳಿದು ಸಿರೋಸಿಸ್, ಕ್ಯಾನ್ಸರ್ ತರಬಲ್ಲವು. 1960ರ ದಶಕದಲ್ಲಿ ಬರೂಕ್ ಬ್ಲೂಂಬರ್ಗ್ ಬಿ ವೈರಸ್ಸಿನ ಗುರುತನ್ನು ರಕ್ತದಲ್ಲಿ ಕಂಡುಹಿಡಿದರು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮುಂದೆ ಲಸಿಕೆ ಬಂತು. 1984ರಲ್ಲಿ ತೈವಾನ್ ದೇಶ ನವಜಾತ ಶಿಶುಗಳಿಗೆ ಅದನ್ನು ಕೊಡತೊಡಗಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಇಳಿಯಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಭಾರತದಲ್ಲೇ ಈ ಲಸಿಕೆ ತಯಾರಿಸಿ ಮಾರುಕಟ್ಟೆಗೆ ತಂದಿತು, ಬೆಲೆ ಇಳಿಯಿತು.

ಸಿ ವೈರಸ್ ಇನ್ನಷ್ಟು ಹಟಮಾರಿ. ಅದನ್ನು ತಟ್ಟೆಯಲ್ಲಿ ಬೆಳೆಸಲಾಗಲಿಲ್ಲ, ಸೂಕ್ಷ್ಮದರ್ಶಕದಲ್ಲಿ ಹಿಡಿಯಲಾಗಲಿಲ್ಲ. ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಮತ್ತು ಸಂಗಡಿಗರು ಸೋಂಕಿದ ರಕ್ತದಿಂದ ತೆಗೆದ ಆನುವಂಶಿಕ ತುಣುಕುಗಳನ್ನು ಬ್ಯಾಕ್ಟೀರಿಯಾಗಳಲ್ಲಿ ಸೇರಿಸಿ, ರೋಗಿಯ ಪ್ರತಿಕಾಯಗಳು ಯಾವುದನ್ನು ಗುರುತಿಸುತ್ತವೆ ಎಂದು ಲಕ್ಷಗಟ್ಟಲೆ ಮಾದರಿಗಳಲ್ಲಿ ಹುಡುಕಿದರು. ಸಿಕ್ಕಿದ್ದು ಒಂದೇ ಒಂದು. ಅದು ಸಾಕಾಯಿತು. 1989ರಲ್ಲಿ ವೈರಸ್ ಪ್ರಕಟವಾಯಿತು, ರಕ್ತನಿಧಿಗಳಿಗೆ ಪರೀಕ್ಷೆ ಸಿಕ್ಕಿತು. 2005ರಲ್ಲಿ, ಜಪಾನಿನ ರೋಗಿಯೊಬ್ಬರಿಂದ ದೊರೆತ ವೈರಸ್ಸು ಯಕೃತ್ತಿನ ಕ್ಯಾನ್ಸರಿನಿಂದ ಬೆಳೆಸಿದ ಕೋಶಗಳಲ್ಲಿ ಕೊನೆಗೂ ಬೆಳೆಯಿತು. ಇಂದು ಎರಡು ಮೂರು ತಿಂಗಳ ಮಾತ್ರೆಗಳಿಂದ ನೂರಕ್ಕೆ ತೊಂಬತ್ತೈದರಷ್ಟು ರೋಗಿಗಳು ಪೂರ್ತಿ ಗುಣವಾಗುತ್ತಾರೆ. 2020ರ ನೊಬೆಲ್ ಪ್ರಶಸ್ತಿಯನ್ನು ಹಾರ್ವೆ ಆಲ್ಟರ್, ಹೌಟನ್ ಮತ್ತು ಚಾರ್ಲ್ಸ್ ರೈಸ್ ಹಂಚಿಕೊಂಡರು. ಚೂ ಮತ್ತು ಕುವೊ ಅವರನ್ನು ಸೇರಿಸಲಿಲ್ಲವೆಂದು ಹೌಟನ್ 2013ರಲ್ಲಿ ಕೆನಡಾದ ಒಂದು ದೊಡ್ಡ ಪ್ರಶಸ್ತಿಯನ್ನೇ ಬೇಡವೆಂದಿದ್ದರು. ಪ್ರಯೋಗಾಲಯದ ಕೆಲಸ ಒಬ್ಬರದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮಿತ್ರರೇ, ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಬರುತ್ತೇನೆ. ನೀರಿನಿಂದ ಬರುವ ಎ ಮತ್ತು ಇ ಕಾಮಾಲೆಗಳು ಹೆಚ್ಚಿನವರಲ್ಲಿ ಯಾವ ಮದ್ದೂ ಇಲ್ಲದೆ ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಕೋಶಗಳು ಮತ್ತೆ ಬೆಳೆದು ಗಾಯ ಮಾಯುತ್ತದೆ. ಆದ್ದರಿಂದ ಆ ದಿನಗಳಲ್ಲಿ ಏನು ಕುಡಿದಿದ್ದರೂ ಅದೇ ಮದ್ದು ಎಂದು ತೋರುತ್ತದೆ. ಕೈಗುಣದ ದೊಡ್ಡ ಪಾಲು ಯಕೃತ್ತಿನ ಗುಣ.

ಹಾಗೆಂದು ವಿಜ್ಞಾನಿಗಳು ಸೊಪ್ಪನ್ನು ಅಲಕ್ಷಿಸಲಿಲ್ಲ. 1988ರಲ್ಲಿ ಮದ್ರಾಸಿನ ಸಂಶೋಧಕರು, ಬ್ಲೂಂಬರ್ಗ್ ಅವರೂ ಸೇರಿ, ಕಿರುನೆಲ್ಲಿಯನ್ನು ಬಿ ವೈರಸ್ ಉಳಿದುಕೊಂಡವರ ಮೇಲೆ ಪರೀಕ್ಷಿಸಿದರು. ಕೆಲವರಿಗೆ ಕಿರುನೆಲ್ಲಿ, ಕೆಲವರಿಗೆ ಔಷಧವಿಲ್ಲದ ಹುಸಿಮದ್ದು. ನಮ್ಮ ಎರಡು ಪ್ರನಾಳಗಳ ಹಾಗೆ. ಮೂವತ್ತು ದಿನದ ಮದ್ದಿನ ಅನಂತರ ನೋಡಿದಾಗ ಕಿರುನೆಲ್ಲಿ ಪಡೆದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಗಿತ್ತು. ಪ್ರಪಂಚವೇ ಕಿವಿ ನಿಮಿರಿಸಿತು. ಬೇರೆ ದೇಶಗಳಲ್ಲಿ ಪ್ರಯೋಗವನ್ನು ಮತ್ತೆ ಮಾಡಿದರು. ಆ ಫಲ ಮತ್ತೆ ಸಿಗಲಿಲ್ಲ. ಇದು ಯಾರ ಸೋಲೂ ಅಲ್ಲ. ಮದ್ರಾಸಿನವರು ತಾಳೆ ನೋಡುವ ಗುಂಪನ್ನು ಇಟ್ಟುಕೊಂಡರು, ತಮ್ಮ ಫಲಿತಾಂಶವನ್ನು ಎಲ್ಲರ ಮುಂದಿಟ್ಟರು; ಬೇರೆಯವರು ಮತ್ತೆ ನೋಡಿದರು. ನಂಬಿಕೆ ಜ್ಞಾನವಾಗುವ ದಾರಿ ಇದು.

ಹಾಗಾಗಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ, ರಕ್ತಪರೀಕ್ಷೆ ಮಾಡಿಸಿರಿ. ಅದು ತಾನಾಗಿ ಇಳಿಯುವ ಕಾಮಾಲೆಯೇ, ಒಳಗೊಳಗೇ ಉಳಿಯುವ ಬಿ ಅಥವಾ ಸಿ ಕಾಯಿಲೆಯೇ ಎಂಬುದು ಕಣ್ಣಿನ ಬಣ್ಣ ನೋಡಿ ತಿಳಿಯುವುದಿಲ್ಲ. ಗರ್ಭಿಣಿಯರ ವಿಷಯದಲ್ಲಿ ಒಂದು ದಿನವೂ ತಡಮಾಡಬೇಡಿ. ನೀರನ್ನು ಕುದಿಸಿ ಕುಡಿಯಿರಿ. ಇನ್ನೊಬ್ಬರು ಬಳಸಿದ ಸೂಜಿ, ಬ್ಲೇಡು ಬಳಸಬೇಡಿ. ಮಗು ಹುಟ್ಟಿದ 24 ಗಂಟೆಯೊಳಗೆ ಬಿ ಲಸಿಕೆ ಹಾಕಿಸುವಂತೆ ಬಂಧುಗಳಿಗೆ ಹೇಳಿರಿ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಎಂದು ಭಾವಿಸಬೇಡಿ. ಯಕೃತ್ತಿಗೆ ಅದೂ ಒಂದು ರಾಸಾಯನಿಕವೇ. ಮದ್ಯ ಮುಟ್ಟದವರಿಗೂ ಇಂದು ಅತಿಯಾದ ಸಿಹಿ, ಕರಿದ ತಿಂಡಿ, ಕೂತಲ್ಲೇ ಕೂರುವ ಅಭ್ಯಾಸದಿಂದ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತಿದೆ. ಆಟದ ಮೈದಾನವನ್ನು ಮರೆಯಬೇಡಿ.

ನಿಮ್ಮಲ್ಲಿ ಕೆಲವರು ಮುಂದೆ ಪ್ರಯೋಗಾಲಯ ಸೇರುತ್ತೀರಿ. ಯಕೃತ್ತಿನ ಪುಟ್ಟ ಮಾದರಿಗಳನ್ನು ಮೂರು ಆಯಾಮಗಳಲ್ಲಿ ಬೆಳೆಸುವ ಕೆಲಸ 2013ರಿಂದ ಈಚೆಗೆ ವೇಗ ಪಡೆದಿದೆ. ಪೂರ್ತಿ ಯಕೃತ್ತನ್ನು ತಟ್ಟೆಯಲ್ಲಿ ಬೆಳೆಸಿ ರೋಗಿಗೆ ಕೊಡುವ ದಿನ ಇನ್ನೂ ಬಂದಿಲ್ಲ. ಬಿ ವೈರಸ್ಸನ್ನು ದೇಹದಿಂದ ಪೂರ್ತಿ ಕಿತ್ತೊಗೆಯುವ ಮದ್ದು ಬಂದಿಲ್ಲ. ಸಿ ವೈರಸ್ಸಿಗೆ ಲಸಿಕೆ ಬಂದಿಲ್ಲ. ಈ ಕೆಲಸಗಳು ನಿಮಗಾಗಿ ಉಳಿದಿವೆ. ಒಂದು ದಿನ ನಿಮ್ಮ ಅಳತೆ ನಿನ್ನೆಯದಕ್ಕೆ ಹೊಂದದೆ ಹೋದರೆ ಬೇಸರಪಟ್ಟು ಪ್ರನಾಳವನ್ನು ತೊಳೆದುಬಿಡಬೇಡಿ. ಪಕ್ಕದಲ್ಲಿ ತಾಳೆ ನೋಡುವ ಇನ್ನೊಂದು ಪ್ರನಾಳವನ್ನು ಇಡಿ, ಮರುದಿನ ಮತ್ತೆ ಅಳೆಯಿರಿ.